ಲೂಸ್‌ಗೆ ಎಷ್ಟು ಓ?

ಕಳೆದ ತಿಂಗಳು ನಮ್ಮ ಅಕ್ಕನ ಮಗಳು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದಳು. ಹಾಸ್ಟೆಲ್ ಸೀಟು ಕಳೆದುಕೊಳ್ಳೋಕೆ ಇಷ್ಟ ಇಲ್ಲ ಅಂತ ಅದರ ಅರ್ಥ. ಕಳೆದುಕೊಳ್ಳುವುದು ಅನ್ನೋದಕ್ಕೆ ಅವಳು ಎಲ್-ಓ-ಓ-ಎಸ್-ಇ ಅಂತ ಬರೆದಿದ್ದಳು. ಎರಡು ಓ. ಹತ್ತು ನಿಮಿಷದೊಳಗೆ ಯಾರೋ ನಗುವ ಮುಖ ಹಾಕಿದರು. ಇನ್ನೊಬ್ಬರು "ಸೀಟು ಲೂಸಾಗಿದ್ರೆ ಟೈಟ್ ಮಾಡ್ಸು" ಅಂದರು. ಹುಡುಗಿ ಮೆಸೇಜನ್ನೇ ಅಳಿಸಿಬಿಟ್ಟಳು. ರಾತ್ರಿ ನನಗೆ ಫೋನ್ ಮಾಡಿದಳು. "ಮಾಮ, ಎರಡನ್ನೂ ಲೂಸ್ ಅಂತಾನೇ ಅಲ್ವಾ ಹೇಳೋದು? ಮತ್ತೆ ಯಾವುದಕ್ಕೆ ಒಂದು ಓ, ಯಾವುದಕ್ಕೆ ಎರಡು ಅಂತ ಹೇಗೆ ಗೊತ್ತಾಗ್ಬೇಕು?"

ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು. ಅವಳ ಪ್ರಶ್ನೆ ತುಂಬಾ ಸರಿಯಾದ ಪ್ರಶ್ನೆ. ನಕ್ಕವರಲ್ಲಿ ಒಬ್ಬರಿಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ ಅಂತ ನನ್ನ ನಂಬಿಕೆ. ಅವರಿಗೆ ಸರಿಯಾದ ಸ್ಪೆಲ್ಲಿಂಗ್ ಗೊತ್ತಿತ್ತು, ಅಷ್ಟೆ. ಇಂಗ್ಲಿಷಿನಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಸುಮ್ನೆ ಆಗುವುದಿಲ್ಲ. ಒಂದೊಂದಕ್ಕೂ ಒಂದು ಕಾರಣ ಇರುತ್ತದೆ. ಕಾರಣ ತಿಳಿದರೆ ತಪ್ಪು ತಾನಾಗಿ ಬಿಟ್ಟುಹೋಗುತ್ತದೆ. ನಗುವುದರಿಂದ ಬಿಟ್ಟುಹೋಗುವುದಿಲ್ಲ, ಬರೆಯುವುದೇ ನಿಂತುಹೋಗುತ್ತದೆ.

ಮೊದಲು ಅವಳ ಲೂಸ್ ನೋಡೋಣ. ಇಂಗ್ಲೆಂಡಿನವರ ಬಾಯಲ್ಲಿ ಇವು ಎರಡು ಬೇರೆ ಶಬ್ದಗಳು. ಸಡಿಲ ಅನ್ನುವ ಅರ್ಥದ ಲೂಸ್ ನಮ್ಮ 'ಸ್' ಹಾಗೇ ಮುಗಿಯುತ್ತದೆ. ಕಳೆದುಕೊಳ್ಳು ಅನ್ನುವ ಅರ್ಥದ್ದು ಝಡ್ ಅಕ್ಷರದ ಸದ್ದಿನಲ್ಲಿ ಮುಗಿಯುತ್ತದೆ, ಜೇನುನೊಣ ಗುಂಯ್‌ಗುಡುವಾಗ ಬರುವಂಥ ಸದ್ದು. ಕನ್ನಡದಲ್ಲಿ ಆ ಸದ್ದು ಇಲ್ಲ. ಹಾಗಾಗಿ ನಾವು ಕಣ್ಣಿಗೆ ಕಾಣುವ ಅಕ್ಷರವನ್ನು ನಂಬುತ್ತೇವೆ. ಝಡ್ ಕಂಡರೆ 'ಜ' ಅನ್ನುತ್ತೇವೆ: ಸೈಜ್, ಪ್ರೈಜ್. ಎಸ್ ಕಂಡರೆ 'ಸ' ಅನ್ನುತ್ತೇವೆ: ಈಸಿ, ಬಿಸಿ, ಮ್ಯೂಸಿಕ್. ಈ ಮೂರರಲ್ಲೂ ಅವರು ಹೇಳುವುದು ಝಡ್ ಸದ್ದನ್ನೇ. ಕಳೆದುಕೊಳ್ಳುವ ಲೂಸ್‌ನಲ್ಲಿ ಇರುವ ಅಕ್ಷರ ಎಸ್. ಆದ್ದರಿಂದ ನಮ್ಮ ಬಾಯಲ್ಲಿ ಎರಡೂ ಒಂದೇ ಆಗಿಬಿಟ್ಟವು. ಒಂದೇ ಥರ ಕೇಳುವ ಎರಡು ಪದಗಳಲ್ಲಿ ಮಗು ಯಾವುದನ್ನು ಬರೆಯುತ್ತದೆ? ಜಾಸ್ತಿ ಬಳಕೆಯಲ್ಲಿ ಇರುವುದನ್ನು. ಲೂಸು ಬಟ್ಟೆ, ಲೂಸ್ ಕನೆಕ್ಷನ್, "ಅವನೊಬ್ಬ ಲೂಸು" ಇವೆಲ್ಲ ನಮಗೆ ಕನ್ನಡದ ಪದಗಳೇ ಆಗಿವೆ.

ಸರಿ ಬರೆಯೋಕೆ ದಾರಿಯೂ ಕನ್ನಡದಲ್ಲೇ ಇದೆ. ವ್ಯಾಪಾರದಲ್ಲಿ ದುಡ್ಡು ಕಳೆದುಕೊಂಡರೆ ಏನಂತೀವಿ? ಲಾಸ್ ಆಯ್ತು ಅಂತೀವಿ. ಲಾಸ್‌ಗೆ ಒಂದೇ ಓ. ಕಳೆದುಕೊಳ್ಳುವುದಕ್ಕೂ ಒಂದೇ ಓ. ಇದನ್ನು ಹೇಳಿದ ಮೇಲೆ ಅವಳಿಂದ ಆ ತಪ್ಪು ಮತ್ತೆ ಬಂದಿಲ್ಲ.

ಅಂದ ಹಾಗೆ, ಈ ತಪ್ಪನ್ನು ಇಂಗ್ಲಿಷ್ ಮನೆಮಾತಿನವರೂ ಧಾರಾಳವಾಗಿ ಮಾಡುತ್ತಾರೆ. ಅವರ ಕಾರಣ ಬೇರೆ. ಆರಿಸಿಕೊಳ್ಳು ಅನ್ನುವ ಅರ್ಥದ 'ಚೂಸ್' ಇದೆಯಲ್ಲ, ಅದು ಅವರ ಬಾಯಲ್ಲಿ ಕಳೆದುಕೊಳ್ಳುವ ಲೂಸ್‌ಗೆ ಸರಿಯಾಗಿ ಪ್ರಾಸವಾಗುತ್ತದೆ. ಚೂಸ್‌ಗೆ ಎರಡು ಓ ಇರುವಾಗ ಇದಕ್ಕೂ ಎರಡೇ ಇರಬೇಕು ಅಂತ ಅವರ ಕೈ ಹೋಗುತ್ತದೆ. ತಪ್ಪು ಒಂದೇ, ಅದಕ್ಕೆ ಬಂದ ದಾರಿ ಎರಡು.

ನಮ್ಮ ಕನ್ನಡ ಶಾಲೆಗಳಲ್ಲಿ ಉಕ್ತಲೇಖನ ಅಂತ ಇರುತ್ತಿತ್ತು. ಮೇಷ್ಟ್ರು ಹೇಳಿದ್ದನ್ನು ಸ್ಲೇಟಿನ ಮೇಲೆ ಬರೆಯಬೇಕು. ಕಿವಿ ಚೆನ್ನಾಗಿದ್ದರೆ ಬರಹ ಚೆನ್ನಾಗಿರುತ್ತಿತ್ತು. ಇಂಗ್ಲಿಷ್ ಡಿಕ್ಟೇಶನ್‌ನಲ್ಲಿ ಅದೇ ಕಿವಿ ಕೈಕೊಡುತ್ತದೆ. ಯಾಕೆ? ಇಂಗ್ಲಿಷ್ ಬರಹ ಇವತ್ತಿನ ಬಾಯಿಯನ್ನು ಹಿಂಬಾಲಿಸುವುದಿಲ್ಲ. ಹೆಚ್ಚುಕಡಿಮೆ ಐನೂರು ವರ್ಷದ ಹಿಂದಿನ ಬಾಯಿಯನ್ನು ಹಿಂಬಾಲಿಸುತ್ತದೆ.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬ ವ್ಯಾಪಾರಿ ಲಂಡನ್ ಪಕ್ಕದ ವೆಸ್ಟ್‌ಮಿನ್ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಇಂಗ್ಲೆಂಡಿನ ಮೊದಲ ಅಚ್ಚುಕೂಟ ಅದು. ಅಚ್ಚಿನ ಪುಸ್ತಕಗಳು ಹರಡಿದ ಹಾಗೆಲ್ಲ ಪದಗಳ ರೂಪ ನಿಧಾನಕ್ಕೆ ಗಟ್ಟಿಯಾಗುತ್ತಾ ಬಂತು. ಆದರೆ ಸರಿಯಾಗಿ ಅದೇ ಕಾಲದಲ್ಲಿ, ಸುಮಾರು 1400ರಿಂದ 1700ರವರೆಗೆ, ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಇವತ್ತಿನ 'ನೇಮ್' ಆಗ ಹೆಚ್ಚುಕಡಿಮೆ ನಮ್ಮ 'ನಾಮ'ದ ಹಾಗೇ ಕೇಳಿಸುತ್ತಿತ್ತು. 'ಟೈಮ್' ಅನ್ನು 'ತೀಮ' ಅನ್ನುತ್ತಿದ್ದರು. 'ಹೌಸ್' ಅನ್ನು 'ಹೂಸ್' ಅನ್ನುತ್ತಿದ್ದರು. 'ನೈಫ್' ಅನ್ನು ಕೆ ಸಮೇತ 'ಕ್ನೀಫ್' ಅನ್ನುತ್ತಿದ್ದರು. ಬಾಯಿ ಮುಂದೆ ಹೋಯಿತು, ಅಚ್ಚಿನ ಮೊಳೆ ಅಲ್ಲೇ ಉಳಿಯಿತು. ಇವತ್ತು ಮಕ್ಕಳು "ನೈಫ್‌ಗೆ ಕೆ ಯಾಕೆ?" ಅಂತ ಕೇಳಿದರೆ "ಅದು ಸೈಲೆಂಟ್" ಅಂದು ಸುಮ್ಮನಾಗುತ್ತೇವೆ. ಅದು ಒಂದು ಕಾಲದಲ್ಲಿ ಮಾತಾಡುತ್ತಿದ್ದ ಅಕ್ಷರ ಅಂತ ಹೇಳಿದರೆ ಮಗುವಿಗೆ ಎಷ್ಟು ಖುಷಿಯಾಗುತ್ತದೆ ಅಂತ ನಾನು ನೋಡಿದ್ದೇನೆ.

ಎಲ್ಲ ಸೈಲೆಂಟ್ ಅಕ್ಷರಗಳೂ ಹೀಗೆ ಹಳೆಯ ಬಾಯಿಂದ ಬಂದವಲ್ಲ. ಕೆಲವನ್ನು ಪಂಡಿತರು ಬೇಕೆಂದೇ ತುರುಕಿದರು. ಸಾಲ ಅನ್ನುವ ಅರ್ಥದ 'ಡೆಟ್' ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಜನ ಅದನ್ನು ಕೇಳಿದ ಹಾಗೇ ಬರೆಯುತ್ತಿದ್ದರು. ಆಮೇಲೆ ಲ್ಯಾಟಿನ್ ಮೇಲೆ ಭಕ್ತಿ ಇದ್ದವರು ಮೂಲ ಲ್ಯಾಟಿನ್ನಿನಲ್ಲಿ 'ಡೆಬಿಟುಮ್' ಅಂತ ಇದೆಯಲ್ಲ, ಬಿ ಕಾಣಿಸಬೇಕು ಅಂದರು. ಬಿ ಬಂತು, ಬಾಯಿಗೆ ಮಾತ್ರ ಬರಲೇ ಇಲ್ಲ. 'ಡೌಟ್', 'ರಿಸೀಟ್' ಪದಗಳಿಗೂ ಇದೇ ಆಯಿತು. ರಿಸೀಟ್‌ಗೆ ಒಂದು ಪಿ ಸಿಕ್ಕಿತು. ಅದರ ದಾಯಾದಿ, ಮೋಸ ಅನ್ನುವ ಅರ್ಥದ 'ಡಿಸೀಟ್'ಗೆ ಸಿಗಲಿಲ್ಲ. ಇದರಲ್ಲಿ ತರ್ಕ ಹುಡುಕಬೇಡಿ. ದ್ವೀಪ ಅನ್ನುವ ಅರ್ಥದ 'ಐಲೆಂಡ್' ಕಥೆ ಇನ್ನೂ ವಿಚಿತ್ರ. ಅದು ಹಳೆಯ ಇಂಗ್ಲಿಷಿನದೇ ಪದ. ಲ್ಯಾಟಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಲ್ಯಾಟಿನ್ನಿನ 'ಇನ್ಸುಲ'ದಿಂದ ಬಂದ ಇನ್ನೊಂದು ಪದದ ಜೊತೆ ಗೊಂದಲ ಮಾಡಿಕೊಂಡು ಅದಕ್ಕೊಂದು ಎಸ್ ಅಂಟಿಸಿದರು. ಅಂದರೆ ಇವತ್ತು ನಾವು ಕಷ್ಟಪಟ್ಟು ಬಾಯಿಪಾಠ ಮಾಡುವ ಸರಿ ಸ್ಪೆಲ್ಲಿಂಗ್ ಹುಟ್ಟಿದ್ದೇ ಒಂದು ತಪ್ಪಿನಿಂದ.

ನಮ್ಮಲ್ಲೂ ಇದು ಇದೆ. ನಮ್ಮ ಊರಿನ ಫ್ಲೆಕ್ಸುಗಳನ್ನು ನೋಡಿ. 'ಹಾರ್ಧಿಕ ಶುಭಾಶಯಗಳು' ಅಂತ ದಕ್ಕೆ ಹೊಟ್ಟೆ ಸೀಳಿರುತ್ತಾರೆ. ಇರಬೇಕಾದದ್ದು 'ಹಾರ್ದಿಕ'. 'ಉಚ್ಛಾರಣೆ', 'ವಿಧ್ಯಾರ್ಥಿ' ಇವೂ ಅಷ್ಟೇ. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಬಹುಮಟ್ಟಿಗೆ ಕೇಳಿಸುವುದಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಕಿವಿ ಹೇಳುವುದಿಲ್ಲ. ಆಗ ಬರೆಯುವವರು ಪದಕ್ಕೆ ತೂಕ ಬರಲಿ ಅಂತ ಒಂದು ಹೆಚ್ಚೇ ಹಾಕುತ್ತಾರೆ. ಐಲೆಂಡ್‌ಗೆ ಎಸ್ ಹಾಕಿದ ಪಂಡಿತರು ಮಾಡಿದ್ದೂ ಅದನ್ನೇ.

ಇಂಗ್ಲಿಷ್ ಬಲ್ಲವರಿಗೆ ಜಾಸ್ತಿ ಕಿರಿಕಿರಿ ಮಾಡುವ ತಪ್ಪುಗಳಲ್ಲಿ ಒಂದು 'ಸೆಪರೇಟ್'. ಪಿ ಆದಮೇಲೆ ಎ ಬರಬೇಕು, ಬಹಳ ಜನ ಇ ಬರೆಯುತ್ತಾರೆ. ಈ ತಪ್ಪು ನಮಗಿಂತ ಇಂಗ್ಲಿಷ್ ಮನೆಮಾತಿನವರಲ್ಲಿ ಹೆಚ್ಚು. ಕಾರಣ ತಿಳಿಯಬೇಕಾದರೆ ಅವರ ಬಾಯಿಯ ಒಂದು ಗುಟ್ಟು ತಿಳಿಯಬೇಕು. ನಾವು ಒಂದು ಪದದ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಮರ್ಯಾದೆ ಕೊಡುತ್ತೇವೆ. ಅವರು ಹಾಗಲ್ಲ. ಒಂದು ಕಡೆ ಒತ್ತುತ್ತಾರೆ, ಉಳಿದ ಕಡೆ ಸ್ವರವನ್ನು ನುಂಗುತ್ತಾರೆ. ನುಂಗಿದ ಸ್ವರ ಎ ಇರಲಿ, ಇ ಇರಲಿ, ಓ ಇರಲಿ, ಒಂದು ಮಸುಕಾದ ಅರೆ 'ಅ' ಆಗಿ ಕೇಳಿಸುತ್ತದೆ. ಲೆಮನ್‌ನ ಓ, ಸರ್ಕಸ್‌ನ ಯು, ಪೆನ್ಸಿಲ್‌ನ ಐ, ಅವರಲ್ಲಿ ಬಹಳ ಜನರ ಬಾಯಲ್ಲಿ ಮೂರೂ ಒಂದೇ ಸದ್ದು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸಲ ಬರುವ ಸ್ವರವೇ ಈ ಮಸುಕು ಸ್ವರ. ಅದಕ್ಕೆ ಸ್ವಂತದ ಅಕ್ಷರವೇ ಇಲ್ಲ. ಅವರ ಮಕ್ಕಳು ಯಾವ ಅಕ್ಷರ ಅಂತ ಊಹಿಸಬೇಕು, ಊಹೆ ತಪ್ಪುತ್ತದೆ.

ನಾವು ಮಾತ್ರ ಸ್ಪಷ್ಟವಾಗಿ 'ಸೆ-ಪ-ರೇಟ್' ಅನ್ನುತ್ತೇವೆ. ಪಕಾರ ಬಾಯಲ್ಲೇ ಇದೆ. ನಮ್ಮ ಉಚ್ಚಾರಣೆಯನ್ನು ಹಳ್ಳಿ ಇಂಗ್ಲಿಷ್ ಅಂತ ಆಡಿಕೊಳ್ಳುವವರು ಇದ್ದಾರೆ. ಅದೇ ಉಚ್ಚಾರಣೆ ಇಲ್ಲಿ ನಮ್ಮ ಕೈಹಿಡಿದು ಸರಿಯಾಗಿ ಬರೆಸುತ್ತದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಅದು ಎಲ್ಲ ಕಡೆ ಕೈಹಿಡಿಯುವುದಿಲ್ಲ. 'ಡೆಫಿನೆಟ್ಲಿ' ಅಂತ ನಾವು ಹೇಳುತ್ತೇವೆ, ಹಾಗೇ ಬರೆಯುತ್ತೇವೆ: ಎನ್ ಆದಮೇಲೆ ಇ, ಟಿ. ಸರಿಯಾದದ್ದು ಎನ್-ಐ-ಟಿ-ಇ, ಆಮೇಲೆ ಎಲ್-ವೈ. ಇದು 'ಇನ್ಫಿನಿಟಿ'ಯ ಮನೆತನದ ಪದ, 'ಫಿನಿಶ್' ಕೂಡ ಅದೇ ಮನೆ. ಲ್ಯಾಟಿನ್ನಿನಲ್ಲಿ ಕೊನೆ, ಗಡಿ ಅನ್ನುವ ಅರ್ಥದ ಪದದಿಂದ ಇವೆಲ್ಲ ಬಂದವು. ಇನ್ಫಿನಿಟಿ ನೆನಪಾದರೆ ಐ ನೆನಪಾಗುತ್ತದೆ. ಹಾಗೆಯೇ 'ಕ್ಯಾಲೆಂಡರ್', 'ಗ್ರಾಮರ್'. ಎರಡರ ಕೊನೆಗೂ ಎ-ಆರ್ ಇದೆ, ನಾವು ಇ-ಆರ್ ಬರೆಯುತ್ತೇವೆ. ಟೀಚರ್, ಡಾಕ್ಟರ್, ಕ್ಯಾಲೆಂಡರ್ ಮೂರೂ ನಮಗೆ 'ಅರ್' ಅಂತಲೇ ಮುಗಿಯುತ್ತವೆ. ಬರಹದಲ್ಲಿ ಮಾತ್ರ ಇ, ಓ, ಎ ಮೂರು ಬೇರೆ. ಇಲ್ಲೊಂದು ಉಪಾಯ ಇದೆ. ಪದವನ್ನು ಸ್ವಲ್ಪ ಉದ್ದ ಮಾಡಿ ನೋಡಿ. ಗ್ರಾಮರ್ 'ಗ್ರಮ್ಯಾಟಿಕಲ್' ಆದಾಗ ಒತ್ತು ಎ ಮೇಲೆ ಬಿದ್ದು ಅದು ಬಾಯಿಬಿಡುತ್ತದೆ. ಕ್ಯಾಲೆಂಡರ್‌ಗೆ ಈ ಉಪಾಯ ನಡೆಯುವುದಿಲ್ಲ, ಅದನ್ನು ಬಾಯಿಪಾಠವೇ ಮಾಡಬೇಕು.

ಇನ್ನು ಜೋಡಿ ಅಕ್ಷರಗಳು. 'ಅಕಾಮಡೇಶನ್'ಗೆ ಎಷ್ಟು ಸಿ, ಎಷ್ಟು ಎಮ್ ಅಂತ ತಲೆಕೆಡಿಸಿಕೊಳ್ಳದವರು ಯಾರಿದ್ದಾರೆ? ಪಿಜಿಗಳ ಬೋರ್ಡುಗಳಲ್ಲಿ ಅದರ ಎಲ್ಲ ರೂಪಗಳೂ ಸಿಗುತ್ತವೆ. ನಮಗೆ ಇದು ಯಾಕೆ ಕಷ್ಟ? ಕನ್ನಡದಲ್ಲಿ ಒತ್ತು ಬರೆದರೆ ಒತ್ತು ಹೇಳುತ್ತೇವೆ. 'ಮಗು' ಬೇರೆ, 'ಮಗ್ಗು' ಬೇರೆ. ಇಂಗ್ಲಿಷಿನಲ್ಲಿ ಎರಡು ಸಿ ಇದ್ದರೂ ಕೇಳಿಸುವುದು ಒಂದೇ. ಕಿವಿಗೆ ಎಣಿಸಲು ಏನೂ ಇಲ್ಲ.

ಆದರೆ ಎಣಿಸಲು ನಮ್ಮ ಹತ್ತಿರ ಒಂದು ಒಳ್ಳೆಯ ಸಾಧನ ಇದೆ. ಹೈಸ್ಕೂಲಿನಲ್ಲಿ ಸಂಧಿ ಓದಿದ್ದು ನೆನಪಿದೆಯಾ? ಸತ್ ಮತ್ತು ಜನ ಸೇರಿ ಸಜ್ಜನ. ತಕಾರ ಪಕ್ಕದ ಜಕಾರವನ್ನು ನೋಡಿ ತಾನೂ ಜಕಾರವಾಯಿತು. ಲ್ಯಾಟಿನ್ನಿನಲ್ಲೂ ಇಂಥದ್ದೇ ನಡೆಯುತ್ತಿತ್ತು. 'ಅದ್' ಅಂತ ಒಂದು ಉಪಸರ್ಗ, ಕಡೆಗೆ ಅನ್ನುವ ಅರ್ಥದ್ದು. ಅದರ ಮುಂದೆ ಸಿ ಬಂದರೆ ಅದರ ಡಿ ಹೋಗಿ ಸಿ ಆಗುತ್ತಿತ್ತು. 'ಅಕಾಮಡೇಟ್' ಒಳಗೆ ಈ 'ಅದ್' ಇದೆ, ಅದರ ಜೊತೆಗೆ 'ಕೊಮ್' ಅನ್ನುವ ಇನ್ನೊಂದು ಉಪಸರ್ಗ ಇದೆ, ಆಮೇಲೆ ಅಳತೆ ಅನ್ನುವ ಅರ್ಥದ, ಎಮ್‌ನಿಂದ ಶುರುವಾಗುವ ಪದ ಇದೆ. ಅದ್ ಮತ್ತು ಕೊಮ್ ಸೇರಿ ಎರಡು ಸಿ. ಕೊಮ್‌ನ ಎಮ್, ಮುಂದಿನ ಪದದ ಎಮ್, ಒಟ್ಟು ಎರಡು ಎಮ್. ಸಂಧಿ ಬಿಡಿಸಿದ ಹಾಗೆ ಪದ ಬಿಡಿಸಿದರೆ ಲೆಕ್ಕ ತಾನಾಗಿ ಸಿಗುತ್ತದೆ.

ಈ ಒಂದು ಬೀಗದಕೈಯಿಂದ ತುಂಬಾ ಬಾಗಿಲು ತೆಗೆಯುತ್ತವೆ. 'ಅಪಾಯಿಂಟ್'ಗೆ ಎರಡು ಪಿ ಯಾಕೆ, 'ಅರೈವ್'ಗೆ ಎರಡು ಆರ್ ಯಾಕೆ, 'ಅಟೆಂಡ್'ಗೆ ಎರಡು ಟಿ ಯಾಕೆ? ಎಲ್ಲದರಲ್ಲೂ ಅದೇ 'ಅದ್' ಕುಳಿತಿದೆ. ಅಲ್ಲ ಅನ್ನುವ ಅರ್ಥದ 'ಇನ್' ಕೂಡ ಹೀಗೇ. ಅದು 'ಲೀಗಲ್' ಮುಂದೆ ಬಂದಾಗ ಎಲ್ ಆಗುತ್ತದೆ, 'ರೆಗ್ಯುಲರ್' ಮುಂದೆ ಆರ್ ಆಗುತ್ತದೆ. ಅದಕ್ಕೇ 'ಇಲ್ಲೀಗಲ್', 'ಇರ್‌ರೆಗ್ಯುಲರ್' ಎರಡರಲ್ಲೂ ಜೋಡಿ ಅಕ್ಷರ. ಇಂಗ್ಲಿಷ್ ಮೇಷ್ಟ್ರುಗಳು ಕನ್ನಡದ ಸಂಧಿ ಪಾಠವನ್ನು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಒಮ್ಮೆ ನೆನಪಿಸಿದರೆ ಮಕ್ಕಳ ಎಷ್ಟು ಹೊರೆ ಇಳಿಯುತ್ತದೆ! ಎರಡು ಭಾಷೆಯ ಪಾಠಗಳು ಒಂದೇ ಶಾಲೆಯಲ್ಲಿ ಒಂದನ್ನೊಂದು ನೋಡದೆ ಓಡಾಡುತ್ತವೆ ಅನ್ನೋದು ನನಗೆ ನಿಜವಾದ ಬೇಸರ.

ಕೇಳೋಕೆ ಒಂದೇ ಥರ ಇರುವ 'ದೇರ್'ಗಳ ವಿಷಯದಲ್ಲೂ ಕನ್ನಡವೇ ಸಹಾಯಕ್ಕೆ ಬರುತ್ತದೆ. ಮೂರು ದೇರ್ ಇವೆ. ಅವರ, ಅಲ್ಲಿ, ಅವರು. ಕನ್ನಡದಲ್ಲಿ ಇವು ಯಾವತ್ತೂ ಕಲೆಸಿಹೋಗುವುದಿಲ್ಲ. ಬರೆಯುವ ಮುಂಚೆ ಮನಸ್ಸಿನಲ್ಲಿ ಕನ್ನಡ ಪದ ಒಮ್ಮೆ ಅಂದುಕೊಂಡರೆ ಸಾಕು. 'ಯುವರ್'ಗೂ ಅಷ್ಟೇ: 'ನಿಮ್ಮ' ಅಂತಾದರೆ ಒಂದು, 'ನೀವು' ಅಂತಾದರೆ ಇನ್ನೊಂದು, ಕೊಂಡಿ ಇರುವುದು.

ಆ ಕೊಂಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಪಾಸ್ಟ್ರಫಿ ಅಂತ ಅದರ ಹೆಸರು, ಅಕ್ಷರದ ತಲೆಯ ಪಕ್ಕ ತೂಗುವ ಅಲ್ಪವಿರಾಮದಂಥ ಗುರುತು. 'ಅದರ' ಅನ್ನುವ ಅರ್ಥದ 'ಇಟ್ಸ್'ಗೆ ಕೊಂಡಿ ಇಲ್ಲ. 'ಅದು ಹೀಗಿದೆ' ಅನ್ನುವ 'ಇಟ್ಸ್'ಗೆ ಇದೆ, ಯಾಕೆಂದರೆ ಅದು 'ಇಟ್ ಈಸ್' ಕುಗ್ಗಿದ್ದು. 'ರಾಮನ' ಅನ್ನೋಕೆ ಕೊಂಡಿ ಹಾಕುತ್ತೇವಲ್ಲ, 'ಅದರ' ಅನ್ನೋಕೆ ಯಾಕೆ ಬೇಡ ಅಂತ ಕೇಳುವುದು ನ್ಯಾಯವೇ. 'ಅವನ' ಅನ್ನುವ 'ಹಿಸ್'ಗೆ ಕೊಂಡಿ ಇಲ್ಲ, 'ಅವಳ' ಅನ್ನುವುದಕ್ಕೂ ಇಲ್ಲ, 'ಅದರ'ಕ್ಕೂ ಇಲ್ಲ ಅಂತ ಸಾಲಾಗಿ ಇಟ್ಟುಕೊಂಡರೆ ನೆನಪಿರುತ್ತದೆ. ಆದರೆ ಈ ನಿಯಮ ಅನಾದಿಯಲ್ಲ. 'ಅದರ' ಅನ್ನುವ ಈ ಪದವೇ ಇಂಗ್ಲಿಷಿನಲ್ಲಿ ಹುಟ್ಟಿದ್ದು 1600ರ ಆಸುಪಾಸಿನಲ್ಲಿ. ಹುಟ್ಟಿದ ಮೇಲೆ ಬಹಳ ಕಾಲ, ಸುಮಾರು 1800ರವರೆಗೆ, ಅದನ್ನು ಕೊಂಡಿ ಹಾಕಿಯೂ ಬರೆಯುತ್ತಿದ್ದರು. ಇವತ್ತು ಯಾವುದನ್ನು ಕಂಡರೆ ಹಲ್ಲು ಕಡಿಯುತ್ತಾರೋ ಅದನ್ನು ಆಗ ಓದುಬರಹ ಬಲ್ಲವರೇ ಬರೆದರು.

ಅಂಗಡಿ ಬೋರ್ಡುಗಳಲ್ಲಿ ಬಹುವಚನಕ್ಕೆ ಕೊಂಡಿ ಹಾಕುವುದು ಇನ್ನೊಂದು ತಪ್ಪು. ಕನ್ನಡದಲ್ಲಿ 'ಗಳು' ಮತ್ತು 'ಅ' ಎರಡು ಬೇರೆ ಪ್ರತ್ಯಯ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ 'ಸ್' ಸದ್ದು. 'ಗಳು' ಅಂತಾದರೆ ಕೊಂಡಿ ಬೇಡ. ಬ್ರಿಟನ್ನಿನಲ್ಲಿ ಈ ತಪ್ಪಿಗೆ ತರಕಾರಿ ಅಂಗಡಿಯವರ ಹೆಸರನ್ನೇ ಇಟ್ಟಿದ್ದಾರೆ. ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತ 2001ರಲ್ಲಿ ಅಪಾಸ್ಟ್ರಫಿ ರಕ್ಷಣೆಗೆ ಒಂದು ಸಂಘವನ್ನೇ ಕಟ್ಟಿದರು. 2019ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನ ಗೆದ್ದವು ಅಂತ ಹೇಳಿ ಅದನ್ನು ಮುಚ್ಚಿದರು. ಆಮೇಲೆ ಬೇರೊಬ್ಬರು ಅದನ್ನು ಮತ್ತೆ ಶುರುಮಾಡಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಸೋಮಾರಿತನ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗಿ ಮಾಲು ತರುವ ಅಂಗಡಿಯವರಿಗೆ ಆ ಪದ ಹೊಂದುವುದಿಲ್ಲ.

ನಾವು ಮಾಡದೆ ಅವರು ಮಾತ್ರ ಮಾಡುವ ತಪ್ಪುಗಳೂ ಇವೆ. 'ಕುಡ್ ಹ್ಯಾವ್' ಅನ್ನುವುದನ್ನು ಅವರು ವೇಗವಾಗಿ ಹೇಳುವಾಗ ಅದು 'ಕುಡವ್' ಅಂತಾಗುತ್ತದೆ. ಅವರ ಬಾಯಲ್ಲಿ 'ಆಫ್' ಪದವೂ 'ಅವ್' ಅಂತಲೇ ಕೇಳಿಸುತ್ತದೆ. ಹಾಗಾಗಿ ಅಲ್ಲಿನ ಮಕ್ಕಳು ಓ-ಎಫ್ ಅಂತಲೇ ಬರೆಯುತ್ತಾರೆ. ನಮ್ಮಲ್ಲಿ ಈ ತಪ್ಪು ಅಪರೂಪ. ನಾವು ಬಿಡಿಬಿಡಿಯಾಗಿ 'ಕುಡ್ ಹ್ಯಾವ್' ಅನ್ನುತ್ತೇವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕಿವಿಗೆ ತಕ್ಕ ತಪ್ಪನ್ನು ಮಾಡುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆಫೀಸಿನ ಈಮೇಲ್‌ಗಳಲ್ಲಿ 'ಪ್ಲೀಸ್ ಅಡ್ವೈಸ್' ಅನ್ನೋದು ದಿನಾ ಕಾಣುತ್ತದೆ. ಅಲ್ಲಿ ಸಿ ಇದ್ದರೆ ತಪ್ಪು, ಎಸ್ ಇದ್ದರೆ ಸರಿ. ಸಿ ಇದ್ದರೆ ಅದು 'ಸಲಹೆ', ನಾಮಪದ. ಎಸ್ ಇದ್ದರೆ 'ಸಲಹೆ ಕೊಡು', ಕ್ರಿಯಾಪದ. ನಮ್ಮ ಡ್ರೈವಿಂಗ್ ಲೈಸೆನ್ಸ್ ಕಾರ್ಡಿನ ಮೇಲೂ ಕೊನೆಗೆ ಸಿ ಇದೆ, ಯಾಕೆಂದರೆ ನಾವು ಬ್ರಿಟಿಷ್ ಪದ್ಧತಿಯವರು ಮತ್ತು ಅದು ನಾಮಪದ. ಅಮೆರಿಕದವರು ಲೈಸೆನ್ಸ್ ನಾಮಪದವಾದರೂ ಕ್ರಿಯಾಪದವಾದರೂ ಕೊನೆಗೆ ಎಸ್ ಹಾಕುತ್ತಾರೆ. ಕಾರ್ಡಿನಲ್ಲಿ ಇರುವ ಹಾಗೇ ಬರೆದರೂ ಫೋನು ಕೆಂಪು ಗೆರೆ ಎಳೆಯುತ್ತದಾ? ಹಾಗಾದರೆ ನಿಮ್ಮ ಫೋನು ಅಮೆರಿಕದ ಇಂಗ್ಲಿಷಿನಲ್ಲಿ ಸೆಟ್ ಆಗಿದೆ. ನೀವು ಬರೆದದ್ದು ತಪ್ಪಲ್ಲ.

ಸ್ಪೆಲ್ಲಿಂಗ್ ಸರಿ ಇದ್ದೂ ಬಳಕೆ ತಪ್ಪು ಅನ್ನಿಸಿಕೊಳ್ಳುವ ಮಾತುಗಳ ಕಥೆ ಬೇರೆ. ಅಲ್ಲಿ ಕೆಲಸ ಮಾಡುವುದು ಕನ್ನಡದ ಕಿವಿಯಲ್ಲ, ಕನ್ನಡದ ವ್ಯಾಕರಣ. 'ಡಿಸ್ಕಸ್ ಅಬೌಟ್' ಅನ್ನುತ್ತೇವೆ, ಯಾಕೆಂದರೆ ನಾವು ಒಂದು ವಿಷಯದ 'ಬಗ್ಗೆ' ಚರ್ಚೆ ಮಾಡುತ್ತೇವೆ. ಇಂಗ್ಲಿಷಿನ ಡಿಸ್ಕಸ್ ಒಳಗೆ ಆ 'ಬಗ್ಗೆ' ಆಗಲೇ ಸೇರಿಹೋಗಿದೆ. 'ಫರ್ನಿಚರ್ಸ್' ಅನ್ನುತ್ತೇವೆ, ಯಾಕೆಂದರೆ ಪೀಠೋಪಕರಣಕ್ಕೆ 'ಗಳು' ಹತ್ತುತ್ತದೆ. 'ಟುಡೇ ಓನ್ಲಿ' ಅನ್ನುತ್ತೇವೆ. 'ಇವತ್ತೇ' ಅನ್ನುವುದರ ಏಕಾರವನ್ನು ಇಂಗ್ಲಿಷಿಗೆ ಹೊತ್ತೊಯ್ಯಲು ನಮಗೆ ಸಿಕ್ಕ ಗಾಡಿ ಅದೊಂದೇ. ಇಂಗ್ಲೆಂಡಿನವರಿಗೆ ಅದು 'ಇವತ್ತು ಮಾತ್ರ' ಅಂತ ಕೇಳಿಸುತ್ತದೆ. 'ಸಿಂಪ್ಲಿ ಐ ಕೇಮ್' ಅಂದಾಗ ಅದರ ಹಿಂದೆ ಇರುವುದು 'ಸುಮ್ನೆ ಬಂದೆ'. ಆ 'ಸುಮ್ನೆ'ಗೆ ಸಮನಾದ ಒಂದು ಪದ ಇಂಗ್ಲಿಷಿನಲ್ಲಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಲ್ಲಿ ನಾನು ಎರಡು ಗುಂಪು ಮಾಡುತ್ತೇನೆ. ಓದುವವರಿಗೆ ಅರ್ಥ ಬೇರೆಯಾಗುವ ಹಾಗಿದ್ದರೆ ತಿದ್ದಿಕೊಳ್ಳಬೇಕು. 'ಟುಡೇ ಓನ್ಲಿ' ಅಂಥದ್ದು. ಅರ್ಥ ಸ್ಪಷ್ಟವಾಗಿದ್ದರೆ ಅಷ್ಟು ಹೆದರಬೇಕಾಗಿಲ್ಲ. 'ಪ್ರೀಪೋನ್' ಪದಕ್ಕೆ ಎಷ್ಟು ಜನ ಬೈಸಿಕೊಂಡಿದ್ದಾರೆ! ಇವತ್ತು ಅದು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಮೀಟಿಂಗನ್ನು ಗೊತ್ತಾದ ಸಮಯಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ಅದಕ್ಕಿಂತ ಚಿಕ್ಕ, ಅಚ್ಚುಕಟ್ಟಾದ ಪದ ನನಗೆ ಕಾಣುವುದಿಲ್ಲ.

ಅರ್ಥ ಜಾರುವುದು ಇಂಗ್ಲಿಷಿನಲ್ಲಿ ಹೊಸದಲ್ಲ. 'ನೈಸ್' ಅಂದರೆ ಇಂಗ್ಲಿಷಿಗೆ ಬಂದ ಹೊಸತರಲ್ಲಿ ದಡ್ಡ ಅಂತ ಅರ್ಥ. ಏನೂ ತಿಳಿಯದವನು ಅನ್ನುವ ಲ್ಯಾಟಿನ್ ಪದದಿಂದ ಅದು ಬಂತು. ನಮ್ಮ ಕ್ರಿಕೆಟ್ಟಿನ 'ಅಂಪೈರ್' ಮೊದಲು 'ನಂಪೈರ್' ಇದ್ದ ಹಾಗೆ ಎನ್‌ನಿಂದ ಶುರುವಾಗುತ್ತಿತ್ತು. ಹಿಂದಿನ 'ಎ'ಗೆ ಆ ಎನ್ ಅಂಟಿಕೊಂಡು 'ಆ್ಯನ್ ಅಂಪೈರ್' ಆಯಿತು. ಯಾರೋ ತಪ್ಪಾಗಿ ಕೇಳಿಸಿಕೊಂಡರು, ಎಲ್ಲರೂ ಹಾಗೇ ಹೇಳಿದರು, ಅದೇ ಸರಿಯಾಯಿತು. ನಮ್ಮಲ್ಲಿ "ಒಬ್ರು ಲೇಡೀಸ್ ಬಂದಿದ್ರು" ಅನ್ನುವ ಹಾಗೆಯೇ ಇದು. ಇಂಗ್ಲಿಷಿನಲ್ಲಿ ಅದು ಬಹುವಚನ. ಕನ್ನಡದಲ್ಲಿ ಅದು ಈಗ ಮರ್ಯಾದೆಯ ಏಕವಚನ.

'ಲಿಟರಲಿ' ಬಗ್ಗೆ ಮಾತ್ರ ನನಗೂ ಸ್ವಲ್ಪ ಕಿರಿಕಿರಿ ಇದೆ. "ಲಿಟರಲಿ ಸತ್ತೇ ಹೋದೆ" ಅಂತ ಬದುಕಿರುವವರು ಹೇಳಿದಾಗ ಪದದ ಬೆಲೆ ಕಡಿಮೆಯಾಗುತ್ತದೆ. ಹಾಗಂತ ಇದು ಇವತ್ತಿನ ಮಕ್ಕಳ ಚಾಳಿ ಅನ್ನುವಂತಿಲ್ಲ. ಆಕ್ಸ್‌ಫರ್ಡ್ ನಿಘಂಟು ಈ ಬಳಕೆಗೆ 1769ರ ಉದಾಹರಣೆ ಕೊಡುತ್ತದೆ. ನಮ್ಮ ಪತ್ರಿಕೆಗಳಲ್ಲೂ ಮಳೆ ಬಂದಾಗಲೆಲ್ಲ ನಗರ 'ಅಕ್ಷರಶಃ' ಕೆರೆಯಾಗುತ್ತದೆ ಅಲ್ವಾ?

ಇಷ್ಟು ಗೋಜಲು ಇರುವಾಗ ಸ್ಪೆಲ್ಲಿಂಗನ್ನೇ ಸರಿಮಾಡಬಾರದೇ ಅಂತ ಕೇಳಿದವರು ಇದ್ದಾರೆ. ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ 1828ರ ದೊಡ್ಡ ನಿಘಂಟಿನಲ್ಲಿ 'ಕಲರ್' ಪದದ ಯು ಕಿತ್ತುಹಾಕಿದ್ದು ನಿಂತಿತು. ನಾಲಿಗೆ ಅನ್ನುವ ಅರ್ಥದ 'ಟಂಗ್' ಪದವನ್ನು ಟಿ-ಯು-ಎನ್-ಜಿ ಮಾಡಲು ಹೋದದ್ದು ನಿಲ್ಲಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯಕ್ಕೆ 300 ಪದಗಳನ್ನು ಸರಳ ಮಾಡಿ ಅಚ್ಚು ಹಾಕಿ ಅಂತ ಆದೇಶ ಕೊಟ್ಟರು. ಪತ್ರಿಕೆಗಳು ಆಡಿಕೊಂಡವು, ಅಲ್ಲಿನ ಸಂಸತ್ತು ಒಪ್ಪಲಿಲ್ಲ, ಅದೇ ವರ್ಷ ಆದೇಶ ವಾಪಸ್ ಆಯಿತು. ಕನ್ನಡದಲ್ಲೂ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣ, ಷ, ಋ ಬಿಟ್ಟು ಕನ್ನಡಿಗರು ಆಡುವ ಹಾಗೇ ಬರೆಯೋಣ ಅಂದರು. ತಮ್ಮ ಪುಸ್ತಕಗಳನ್ನೂ ಹಾಗೇ ಬರೆದರು. ಕೆಲವರು ಅದನ್ನು ಹಿಂಬಾಲಿಸಿದರು, ಬಹುಪಾಲು ಜನ ಹಿಂಬಾಲಿಸಲಿಲ್ಲ. ಕಣ್ಣಿಗೆ ಒಮ್ಮೆ ರೂಢಿಯಾದ ಪದದ ಮುಖ ಬದಲಾದರೆ ಜನಕ್ಕೆ ಪದವೇ ಬದಲಾದ ಹಾಗೆ ಅನ್ನಿಸುತ್ತದೆ.

ತಪ್ಪು ಕೂಡ ಹಾಗೇ ರೂಢಿಯಾಗಿ ಉಳಿದುಬಿಡಬಹುದು. ನೀವು ಒಂದು ಲಿಂಕ್ ಒತ್ತಿದಾಗ ನಿಮ್ಮ ಬ್ರೌಸರ್ ಯಾವ ಪುಟದಿಂದ ಬಂದಿರಿ ಅಂತ ಹೊಸ ಪುಟಕ್ಕೆ ಹೇಳುವ ಒಂದು ವ್ಯವಸ್ಥೆ ಇದೆ. ಅದರ ಹೆಸರು 'ರೆಫರರ್'. ನಡುವೆ ಎರಡು ಆರ್ ಇರಬೇಕು. ವೆಬ್‌ನ ಶುರುವಿನ ದಿನಗಳಲ್ಲಿ ಅದನ್ನು ಒಂದೇ ಆರ್ ಹಾಕಿ ಬರೆದರು. 1996ರ ಅಧಿಕೃತ ದಾಖಲೆಯಲ್ಲೂ ಹಾಗೇ ಸೇರಿತು. ಅಷ್ಟರಲ್ಲಿ ಎಲ್ಲ ಕಡೆ ಹರಡಿದ್ದರಿಂದ ತಿದ್ದಲು ಆಗಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಅದನ್ನು ಇವತ್ತಿಗೂ ಬೇಕೆಂದೇ ತಪ್ಪಾಗಿ ಟೈಪ್ ಮಾಡುತ್ತಾರೆ. ಸರಿ ಬರೆದರೆ ಪ್ರೋಗ್ರಾಂ ಕೆಲಸ ಮಾಡುವುದಿಲ್ಲ.

ಅಕ್ಕನ ಮಗಳು ಈಗ ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಅನುಮಾನ ಬಂದ ಪದ ಬರೆದುಕೊಂಡು ಭಾನುವಾರ ಫೋನ್ ಮಾಡುತ್ತಾಳೆ. ಹೋದ ವಾರದ ಪದ 'ಕರ್ನಲ್'. "ಮಾಮ, ಇದರಲ್ಲಿ ಆರ್ ಎಲ್ಲಿದೆ? ನಾನು ಮೂರು ಸಲ ಹುಡುಕಿದೆ." ನಿಜ, ಇಲ್ಲ. ಸಿ-ಓ-ಎಲ್-ಓ-ಎನ್-ಇ-ಎಲ್. ಇಟಲಿಯಲ್ಲಿ ಆ ಪದಕ್ಕೆ ಎಲ್ ಇತ್ತು. ಫ್ರಾನ್ಸಿಗೆ ಹೋದಾಗ ಮೊದಲ ಎಲ್ ಹೋಗಿ ಆರ್ ಬಂತು. ಇಂಗ್ಲೆಂಡಿನವರು ಆರ್ ಇರುವ ರೂಪವನ್ನು ಬಾಯಿಗೆ ಹಾಕಿಕೊಂಡರು, ಆಮೇಲೆ ಇಟಲಿಯ ರೂಪವನ್ನು ಬರಹಕ್ಕೆ ತೆಗೆದುಕೊಂಡರು. ಎರಡನ್ನೂ ಬಿಡಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದದ ಪಕ್ಕ ಕನ್ನಡದಲ್ಲಿ 'ಕರ್ನಲ್' ಅಂತ ಬರೆದು ಫೋಟೋ ಕಳಿಸಿದಳು. ಮನೆಯವರ ಗ್ರೂಪಿಗೇ ಕಳಿಸಿದ್ದಳು.